ಬಾಲ್ಕನಿಗೆ ಬೇಡ ನಮ್ಮೂರ ‘ಔಷಧಿ’

ಗುಂಡ್ಲುಪೇಟೆಯಿಂದ ಬೆಂಗಳೂರಿಗೆ ಹೊರಟಾಗಲೆಲ್ಲ ಅಕ್ಕನ ಅಪಾರ್ಟ್‌ಮೆಂಟಿನವರು ಏನಾದರೂ ತರಲು ಹೇಳುತ್ತಾರೆ. ಅರಿಶಿನ, ಸಣ್ಣ ಈರುಳ್ಳಿ ಆದರೆ ಸಂತೋಷವಾಗಿಯೇ ತರುತ್ತೇನೆ. ಈ ಸಲ ಮೇಲಿನ ಮನೆಯ ಆಂಟಿ ಕೇಳಿದ್ದು ಬೇರೆ. ‘ಕುಂಡದ ಕರಿಬೇವಿಗೆ ಹುಳ ಬಿದ್ದಿದೆ ಕಣಮ್ಮ. ನಿಮ್ಮೂರಲ್ಲಿ ಹೊಲಕ್ಕೆ ಹೊಡೀತಾರಲ್ಲ, ಆ ಔಷಧಿ ಒಂದು ಸಣ್ಣ ಬಾಟಲಿ ತಂದುಕೊಡು.’

ನಾನು ತರಲಿಲ್ಲ. ಅವರಿಗೆ ಬೇಸರವಾಯಿತು. ಆದರೆ ತಪ್ಪು ಅವರೊಬ್ಬರದಲ್ಲ.

ಆ ಕಟ್ಟಡದ ನೋಟಿಸ್ ಬೋರ್ಡಿನಲ್ಲಿ ಕುಂಡಗಳಿಗೆಂದೇ ನಿಯಮಗಳಿವೆ. ಬಾಲ್ಕನಿಯ ಕಟ್ಟೆ ಮೇಲೆ ಕುಂಡ ಇಡಬಾರದು, ಕೆಳಗಿನ ಮನೆಗೆ ನೀರು ಸೋರಬಾರದು, ಗೋಡೆಯ ಬಣ್ಣ ಕೆಡಬಾರದು. ಮೊದಲನೆಯದು ಜೀವ ಉಳಿಸುವ ನಿಯಮ. 2025ರಲ್ಲಿ ನೊಯ್ಡಾ ಪ್ರಾಧಿಕಾರವೂ ಅಂಥದೇ ಆದೇಶ ಹೊರಡಿಸಿತು. ಆದರೆ ಗೋಡೆಯ ಬಣ್ಣಕ್ಕೂ ಒಂದು ನಿಯಮ ಬರೆದವರಿಗೆ ವಿಷದ ಬಗ್ಗೆ ಒಂದು ಸಾಲು ಹೊಳೆಯಲಿಲ್ಲ.

ಹೊಳೆಯದಿರಲು ನಮ್ಮ ಮಾತೂ ಕಾರಣ. ಹುಳ ಕೊಲ್ಲುವ ವಿಷವನ್ನು ನಾವು ‘ಔಷಧಿ’ ಎನ್ನುತ್ತೇವೆ. ಔಷಧಿಗೆ ಯಾರು ಹೆದರುತ್ತಾರೆ? ಚಾಮರಾಜನಗರ ಜಿಲ್ಲೆಯವರಾದ ನಾವಾದರೂ ಹೆದರಬೇಕು. 2018ರ ಡಿಸೆಂಬರ್‌ನಲ್ಲಿ ಸುಳ್ವಾಡಿಯ ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಜನ ತೀರಿಕೊಂಡರು. ಅದರಲ್ಲಿದ್ದದ್ದು ಮೊನೊಕ್ರೊಟೊಫಾಸ್ ಎಂಬ ಹೊಲದ ‘ಔಷಧಿ’. ಅದನ್ನು ತರಕಾರಿಗೆ ಬಳಸಬಾರದೆಂದು ಕೇಂದ್ರ ಸರ್ಕಾರ 2005ರಲ್ಲೇ ಹೇಳಿತ್ತು. ಅಲ್ಲಿ ಬೆರೆಸಿದ್ದು ಬೇಕೆಂದೇ ಎಂಬುದು ಆರೋಪ. ಆಂಟಿಯದು ಗಿಡದ ಮೇಲಿನ ಪ್ರೀತಿ. ಎರಡನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಕೊಟ್ಟವರ ಮನಸ್ಸು ನೋಡಿ ವಿಷ ಕೆಲಸ ಮಾಡುವುದಿಲ್ಲ.

‘ನಾಲ್ಕು ಹನಿ ಹಾಕಿದರೆ ಏನಾಗುತ್ತೆ?’ ಎನ್ನುತ್ತಾರೆ. ಬಾಟಲಿಯ ಮೇಲಿನ ಅಳತೆ ಇರುವುದು ಎಕರೆ, ಹೆಕ್ಟೇರಿನ ಲೆಕ್ಕದಲ್ಲಿ. ಅದನ್ನು ಒಂದು ಕುಂಡಕ್ಕೆ ಭಾಗಿಸುವವರು ಯಾರು? ಮುಚ್ಚಳದಲ್ಲಿ ಅಳೆಯುತ್ತಾರೆ, ಉಳಿದದ್ದನ್ನು ನೀರಿನ ಬಾಟಲಿಗೆ ಸುರಿದು ಸಿಂಕಿನ ಕೆಳಗಿಡುತ್ತಾರೆ. ಮಕ್ಕಳ ಕೈಗೆ ಮೊದಲು ಸಿಗುವ ಜಾಗ ಅದೇ. ಹೊಡೆದ ಮೇಲೆ ಇಷ್ಟು ದಿನ ಕೊಯ್ಯಬಾರದು ಎಂಬ ಲೆಕ್ಕವೂ ಇದೆ. ಕರಿಬೇವನ್ನು ಮಾರನೆಯ ದಿನವೇ ಒಗ್ಗರಣೆಗೆ ಕೀಳುತ್ತೇವೆ. ಹೊಲದಲ್ಲಿ ಗಾಳಿ ನೋಡಿಕೊಂಡು ಹೊಡೆಯಬಹುದು, ದೂರ ಸರಿಯಬಹುದು. ಬಾಲ್ಕನಿಯ ಗಾಳಿ ನೇರ ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಗೆ ಹೋಗುತ್ತದೆ.

ಹೊಲದಲ್ಲಾದರೂ ಇದು ಕ್ಷೇಮವೆಂದು ನಾನು ಹೇಳುತ್ತಿಲ್ಲ. ನಮ್ಮ ಕಡೆ ಮುಖಕ್ಕೊಂದು ಟವೆಲ್ ಸುತ್ತಿಕೊಂಡು ಚೆಂಡುಹೂವಿಗೆ ಹೊಡೆಯುತ್ತಾರೆ. ಬೆಳೆ ಹೋದರೆ ಸಾಲ ಉಳಿಯುತ್ತದೆ ಎಂಬ ಭಯ ಅವರದು. ಒಂದು ಕರಿಬೇವಿನ ಗಿಡ ಒಣಗಿದರೆ ನಗರದವರಿಗೆ ಆಗುವ ನಷ್ಟ ಎಷ್ಟು? ‘ವಿಷವಿಲ್ಲದ ತರಕಾರಿ’ ಬೇಕೆಂದು ಕುಂಡ ಇಟ್ಟವರೇ ರೈತನ ಮನೆಯಿಂದ ವಿಷ ತರಿಸುವುದು ಎಂಥ ನ್ಯಾಯ?

ಸಂಘದವರು ಇನ್ನು ಮೂರು ಸಾಲು ಬರೆಯಲಿ. ಹೊಲದ ಕೀಟನಾಶಕ ಬಾಲ್ಕನಿಗೆ ಬೇಡ; ಲೇಬಲ್ ಮೇಲೆ ಕೆಂಪು ತ್ರಿಕೋನವಿದ್ದರಂತೂ ಅದು ಅತಿ ಘೋರ ವಿಷ, ಮನೆಯೊಳಗೇ ಬರಕೂಡದು. ಯಾವುದನ್ನೂ ಬೇರೆ ಬಾಟಲಿಗೆ ಸುರಿದಿಡಬಾರದು. ಏನೇ ಸಿಂಪಡಿಸುವುದಿದ್ದರೂ ಕೆಳಗಿನ ಮನೆಗೆ ಮೊದಲು ತಿಳಿಸಬೇಕು.

ಹುಳಕ್ಕೆ ಕೈಯಿದೆ, ರಭಸದ ನೀರಿದೆ, ಸೋಪಿನ ನೀರಿಗೆ ಬೆರೆಸಿದ ಬೇವಿನೆಣ್ಣೆಯಿದೆ. ಅದಕ್ಕೂ ಬಗ್ಗದಿದ್ದರೆ ಆ ಗಿಡ ಕಿತ್ತು ಬೇರೆ ನೆಡಿ. ಆಂಟಿಗೆ ಮುಂದಿನ ಸಲ ಬೇವಿನೆಣ್ಣೆ ತಂದುಕೊಡುತ್ತೇನೆ. ಅದನ್ನು ಬೇಕಾದರೆ ಔಷಧಿ ಎನ್ನಲಿ.