ಶಾಮಾಶಾಸ್ತ್ರಿಗಳದು ಬರಿಯ ಅದೃಷ್ಟವೇ?

ರುದ್ರಪಟ್ಟಣದ ಆರ್. ಶಾಮಾಶಾಸ್ತ್ರಿಗಳ ಹೆಸರೆತ್ತಿದರೆ ಸಾಕು, ಕೆಲವರು ಹೇಳುವುದು ಒಂದೇ: ತಂಜಾವೂರು ಸೀಮೆಯ ಪಂಡಿತರೊಬ್ಬರು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಕಟ್ಟನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಕೊಟ್ಟರು, ಶಾಸ್ತ್ರಿಗಳು ಅಲ್ಲಿ ನೌಕರಿಯಲ್ಲಿದ್ದರು, ಕೀರ್ತಿ ತಾನಾಗಿ ಬಂತು.

ಆ ಪಂಡಿತರ ಹೆಸರು ಮರೆತುಹೋದದ್ದು ಅನ್ಯಾಯವೇ, ಒಪ್ಪುತ್ತೇನೆ. ಆದರೆ ಗರಿ ಕೈಸೇರುವುದು ಬೇರೆ, ಅದೇನೆಂದು ಗುರುತಿಸಿ ಲೋಕದ ಮುಂದಿಡುವುದು ಬೇರೆ. ಮಲಯಾಳ ಲಿಪಿಯ ಪ್ರತಿಗಳು ಕೇರಳದಲ್ಲೂ ಇದ್ದವು. ಅವು ಅಚ್ಚಿನ ಕೆಲಸಕ್ಕೆ ಒದಗಿದ್ದು ಮೈಸೂರು ಮುದ್ರಣದ ನಂತರ. ಅಲ್ಲಿಯವರೆಗೆ ಅರ್ಥಶಾಸ್ತ್ರ ದಂಡಿ, ಕಾಮಂದಕ ಮೊದಲಾದ ಹಳೆಯ ಲೇಖಕರ ಮಾತುಗಳ ಮೂಲಕವಷ್ಟೇ ತಿಳಿದಿದ್ದ ಕೃತಿ. 1905ರಿಂದ ಬಿಡಿಬಿಡಿಯಾಗಿ ಅನುವಾದ, 1909ರಲ್ಲಿ ಸಂಸ್ಕೃತ ಮೂಲ, 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ. ಹತ್ತು ವರ್ಷದ ದುಡಿಮೆಯನ್ನು ಅದೃಷ್ಟ ಎನ್ನುವುದು ಹೇಗೆ?

ಅನುವಾದದ ತುಂಬ ತಪ್ಪು ಎನ್ನುತ್ತಾರೆ. ತಪ್ಪುಗಳಿವೆ. 1960ರ ದಶಕದ ಆರ್. ಪಿ. ಕಾಂಗ್ಲೆಯವರ ಅನುವಾದವನ್ನು ಪಕ್ಕದಲ್ಲಿಟ್ಟು ಓದಿದರೆ ಎದ್ದು ಕಾಣುತ್ತವೆ. ಆದರೆ ಕಾಂಗ್ಲೆಯವರ ಮುಂದೆ ಹಲವು ಪ್ರತಿಗಳಿದ್ದವು, ತಿರುವನಂತಪುರದ ಗಣಪತಿ ಶಾಸ್ತ್ರಿಗಳ ಟೀಕೆಯಿತ್ತು, ಮೇಯರ್ ಅವರ ಜರ್ಮನ್ ಅನುವಾದವಿತ್ತು. ಶಾಮಾಶಾಸ್ತ್ರಿಗಳಿಗೆ ಆಸರೆಯಾಗಿದ್ದುದು ಗ್ರಂಥ ಲಿಪಿಯ ಆ ಗರಿಗಳು, ಜೊತೆಗೆ ಗ್ರಂಥದ ಎರಡನೆಯ ಅಧಿಕರಣದ (ವಿಭಾಗದ) ಒಂದಿಷ್ಟು ಭಾಗಕ್ಕೆ ಭಟ್ಟಸ್ವಾಮಿಯ ವ್ಯಾಖ್ಯಾನ. ಸುಂಕ, ತೂಕ, ಗಣಿ, ಟಂಕಸಾಲೆ, ಆನೆಕಾಡು, ಗೂಢಚಾರರು ಎಂದು ಹದಿನೈದು ಅಧಿಕರಣಗಳು. ಅವುಗಳ ಎಷ್ಟೋ ಪಾರಿಭಾಷಿಕ ಪದಗಳಿಗೆ ನಿಘಂಟಿನಲ್ಲಿ ಅರ್ಥವೇ ಇರಲಿಲ್ಲ. ಯಾರೂ ನಡೆಯದ ಕಾಡಿನಲ್ಲಿ ದಾರಿ ಕಡಿದವರ ಕಾಲಿಗೆ ಮುಳ್ಳು ಚುಚ್ಚಿತೆಂದು ಹಂಗಿಸಬಾರದು.

ತೂಕದ ಆಕ್ಷೇಪ ಕಾಲನಿರ್ಣಯದ್ದು. ಕೃತಿ ಚಂದ್ರಗುಪ್ತ ಮೌರ್ಯನ ಮಂತ್ರಿಯದೇ ಎಂದು ಶಾಸ್ತ್ರಿಗಳು ನಂಬಿದ್ದರು. 1971ರಲ್ಲಿ ಇತಿಹಾಸಕಾರ ಥಾಮಸ್ ಟ್ರಾಟ್‌ಮನ್ ಪದಬಳಕೆಯ ಎಣಿಕೆಯಿಂದ, ಇದು ಒಬ್ಬನೇ ಬರೆದದ್ದಲ್ಲ ಎಂದು ವಾದಿಸಿದರು. ಇಡೀ ಗ್ರಂಥದಲ್ಲಿ ಚಂದ್ರಗುಪ್ತನ ಹೆಸರಿಲ್ಲ, ಪಾಟಲಿಪುತ್ರದ ಹೆಸರೂ ಇಲ್ಲ. ಈ ವಿಷಯದಲ್ಲಿ ನಾನು ಟ್ರಾಟ್‌ಮನ್ ಪಕ್ಷ. ಆದರೂ ಶಾಸ್ತ್ರಿಗಳು ಆಧಾರವಿಲ್ಲದೆ ಮಾತಾಡಲಿಲ್ಲ: ನಂದರ ಕೈಯಿಂದ ಭೂಮಿಯನ್ನು ಬಿಡಿಸಿದವನೇ ಈ ಶಾಸ್ತ್ರವನ್ನು ರಚಿಸಿದ ಎಂದು ಗ್ರಂಥದ ಕೊನೆಯಲ್ಲಿ ಶ್ಲೋಕವೇ ಇದೆ. ಆ ಸಾಕ್ಷ್ಯವನ್ನು ಅವರು ನಂಬಿದರು, ನಾವು ಶಂಕಿಸುತ್ತೇವೆ. ಅಷ್ಟಕ್ಕೇ ಅವರ ಪಾಠಸಂಪಾದನೆಯನ್ನೂ ತಳ್ಳಿಹಾಕುವುದು ಯಾವ ನ್ಯಾಯ?

ಇನ್ನು, ಅವರು ಪಂಡಿತರೇ ಹೊರತು ಇತಿಹಾಸಕಾರರಲ್ಲ ಎಂಬ ಮಾತು. ಆರ್. ನರಸಿಂಹಾಚಾರ್ಯರ ನಂತರ ಮೈಸೂರು ಪುರಾತತ್ವ ಇಲಾಖೆಯ ಹೊಣೆ ಹೊತ್ತವರು ಇದೇ ಶಾಮಾಶಾಸ್ತ್ರಿಗಳು. ಅವರ ಕಾಲದ ಇಲಾಖೆಯ ವಾರ್ಷಿಕ ವರದಿಗಳನ್ನು ತೆರೆದು ನೋಡಿ ಆಮೇಲೆ ಹೇಳಲಿ.