ಆಟದ ಹೆಸರಿನಲ್ಲಿ ಮರಳಿ ಬಂದ ಲಾಟರಿ

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಹಣದಾಟಗಳನ್ನು ನಿಷೇಧಿಸುವ ಮಸೂದೆಯನ್ನು ಎರಡೇ ದಿನಗಳಲ್ಲಿ ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಡ್ರೀಮ್ ಇಲೆವೆನ್, ಬೆಂಗಳೂರಿನ ಎಂಪಿಎಲ್ ಮುಂತಾದ ಕಂಪೆನಿಗಳು ಹಣ ಕಟ್ಟಿ ಆಡುವ ಆಟಗಳನ್ನು ನಿಲ್ಲಿಸಿದವು. ರಮ್ಮಿಯಲ್ಲಿ ಸಂಬಳ ಕಳಕೊಂಡ ಮಗನನ್ನು ಕಂಡು ಕಂಗೆಟ್ಟಿದ್ದ ಅದೆಷ್ಟೋ ಹೆತ್ತವರು ಅಂದು ನೆಮ್ಮದಿಯ ನಿಟ್ಟುಸಿರು ಬಿಟ್ಟಿರಬಹುದು. ಅದು ಸಹಜವೂ ಹೌದು. ಕರ್ನಾಟಕವೇ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತ್ತು.

ಆದರೆ ಪ್ರಶ್ನೆ ಇರುವುದು ಬೇರೆಯೇ. ಹಣದಾಟದ ಅಂಗಡಿಗೆ ಬೀಗ ಬಿದ್ದರೆ ನಮ್ಮ ಮನೆಯ ಮಕ್ಕಳು ಸುರಕ್ಷಿತರಾದರೇ?

ಬೆಂಗಳೂರಿನ ಶ್ರೀರಾಂಪುರದಂಥ ಬಡಾವಣೆಯನ್ನೇ ತೆಗೆದುಕೊಳ್ಳೋಣ. ಮಲ್ಲೇಶ್ವರ, ರಾಜಾಜಿನಗರಗಳ ಮಗ್ಗುಲಲ್ಲಿರುವ, ದುಡಿದು ತಿನ್ನುವವರ ಊರು ಅದು. ಒತ್ತೊತ್ತಾದ ಮನೆಗಳು, ಇಕ್ಕಟ್ಟಾದ ಓಣಿಗಳು. ಒಂದು ಕಾಲದಲ್ಲಿ ಮಕ್ಕಳು ಗೋಲಿ, ಬುಗುರಿ, ಚಿನ್ನಿದಾಂಡು ಆಡುತ್ತಿದ್ದಂಥ ಓಣಿಗಳಲ್ಲಿ ಇಂದು ಸಾಲುಸಾಲು ವಾಹನಗಳು ನಿಂತಿರುತ್ತವೆ. ಆಡಬೇಕಾದ ಮಗು ಎಲ್ಲಿಗೆ ಹೋಗಬೇಕು? 2020ರ ಲಾಕ್‌ಡೌನ್‌ನಲ್ಲಿ ಶಾಲೆಯೇ ಮೊಬೈಲಿನೊಳಗೆ ಬಂತು. ಪಾಠಕ್ಕೆಂದು ಕೊಟ್ಟ ಮೊಬೈಲ್ ಶಾಲೆ ತೆರೆದ ಬಳಿಕವೂ ಮಗುವಿನ ಕೈಯಿಂದ ಇಳಿಯಲಿಲ್ಲ. ಅಂಗಳವಿಲ್ಲದ ಮಕ್ಕಳಿಗೆ ಅಂಗೈಯೇ ಅಂಗಳವಾಯಿತು. ಆದ್ದರಿಂದ ಆಟವಾಡುವ ಮಗುವನ್ನು ಅಪರಾಧಿಯಂತೆ ನೋಡುವುದು ಅನ್ಯಾಯ.

ವೀಡಿಯೋ ಗೇಮ್ ಎಂದೊಡನೆ ಕೆಡುಕು ಎಂದು ತೀರ್ಪು ಕೊಡುವವರು ನಮ್ಮಲ್ಲಿದ್ದಾರೆ. ಅದು ಸರಿಯಲ್ಲ. ಇಂದು ತಂದೆಯರಾಗಿರುವ ಅನೇಕರು ನೋಕಿಯಾ ಮೊಬೈಲಿನಲ್ಲಿ ಹಾವಿನಾಟ ಆಡಿದವರೇ. ಟಿ.ವಿ.ಗೆ ಕ್ಯಾಸೆಟ್ ಜೋಡಿಸಿ ಮಾರಿಯೋ ಆಡಿದವರೇ. ಮೆಜೆಸ್ಟಿಕ್ ಸಮೀಪದ ನ್ಯಾಷನಲ್ ಮಾರ್ಕೆಟ್‌ನಿಂದ ಸಿ.ಡಿ. ತಂದು ಕಂಪ್ಯೂಟರಿನಲ್ಲಿ ಕಾರು ಓಡಿಸಿದವರೇ. ಆಟ ತಯಾರಿಸುವುದೂ ಗೌರವದ ವೃತ್ತಿಯೇ. ದೇಶದ ಮೊದಲ ಗೇಮ್ ನಿರ್ಮಾಣ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಆನಿಮೇಶನ್ ಮತ್ತು ಗೇಮಿಂಗ್‌ಗಾಗಿ 2012ರಲ್ಲಿ ದೇಶದಲ್ಲೇ ಮೊದಲು ನೀತಿ ರೂಪಿಸಿದ ರಾಜ್ಯವೂ ಕರ್ನಾಟಕವೇ. ನಮ್ಮ ಮಕ್ಕಳಲ್ಲೂ ಚಿತ್ರ ಬರೆಯಬಲ್ಲವರು, ಕಥೆ ಹೆಣೆಯಬಲ್ಲವರು, ಪ್ರೋಗ್ರಾಂ ಬರೆಯಬಲ್ಲವರು ಇದ್ದಾರೆ. ಅವರಿಗೆ ಈ ಬಾಗಿಲನ್ನು ಮುಚ್ಚಬೇಕಾಗಿಲ್ಲ.

ಹಾಗಾದರೆ ಬದಲಾದದ್ದೇನು? ವ್ಯಾಪಾರದ ಕ್ರಮ. ಹಿಂದಿನ ಆಟಕ್ಕೆ ಒಮ್ಮೆ ಹಣ ಕೊಟ್ಟರೆ ಮುಗಿಯುತ್ತಿತ್ತು. ಅನೇಕ ಆಟಗಳಿಗೆ ಕೊನೆಯೂ ಇರುತ್ತಿತ್ತು. ಇಂದಿನ ಬಹುತೇಕ ಮೊಬೈಲ್ ಆಟಗಳು ಉಚಿತ, ಆದರೆ ಅವು ಮುಗಿಯುವುದೇ ಇಲ್ಲ. ದಿನಕ್ಕೊಮ್ಮೆ ಬಂದರೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ. ಇನ್ನಿಷ್ಟೇ ಗಂಟೆ ಬಾಕಿ ಎಂದು ಹೆದರಿಸುವ ಗಡಿಯಾರ. ಗೆಳೆಯರೆಲ್ಲ ಕೊಂಡ ಹೊಸ ಉಡುಪು ತನ್ನಲ್ಲಿಲ್ಲ ಎಂಬ ಕೀಳರಿಮೆ. ಇಲ್ಲಿ ರೂಪಾಯಿ ಎಂಬ ಮಾತೇ ಮಗುವಿನ ಕಣ್ಣಿಗೆ ಬೀಳುವುದಿಲ್ಲ. ಮೊದಲು ರೂಪಾಯಿ ಕೊಟ್ಟು ವಜ್ರವನ್ನೋ ನಾಣ್ಯವನ್ನೋ ಕೊಳ್ಳಬೇಕು, ಬಳಿಕ ಅದರಿಂದ ವಸ್ತು ಕೊಳ್ಳಬೇಕು. ವಸ್ತುವಿಗೆ 60 ವಜ್ರ ಬೇಕು, ಮಾರಾಟಕ್ಕಿರುವುದು 50ರ ಕಟ್ಟು ಎಂದಿಟ್ಟುಕೊಳ್ಳಿ. ಆಗ ಎರಡು ಕಟ್ಟು ಕೊಳ್ಳಲೇಬೇಕು. ಉಳಿದ 40 ವಜ್ರ ಮುಂದಿನ ಖರೀದಿಗೆ ಕರೆಯುತ್ತಲೇ ಇರುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಲೂಟ್ ಬಾಕ್ಸ್ ಎಂಬ ಅದೃಷ್ಟದ ಪೆಟ್ಟಿಗೆ. ಹಣ ಕೊಟ್ಟು ಪೆಟ್ಟಿಗೆ ತೆರೆಯಬೇಕು ಅಥವಾ ಚಕ್ರ ತಿರುಗಿಸಬೇಕು. ಒಳಗೇನಿದೆ ಎಂದು ಮೊದಲೇ ತಿಳಿಯದು. ಹತ್ತಾರು ಬಾರಿ ನಿಷ್ಪ್ರಯೋಜಕ ವಸ್ತು, ಎಂದೋ ಒಮ್ಮೆ ಅಪರೂಪದ್ದು. ಇದಕ್ಕೆ ನಮ್ಮ ಹಿರಿಯರು ಯಾವ ಹೆಸರಿಟ್ಟಿದ್ದರು? ಮೂಲೆಮೂಲೆಯಲ್ಲಿದ್ದ ಲಾಟರಿ ಅಂಗಡಿಗಳು ಎಷ್ಟು ಮನೆಗಳ ಒಲೆ ಆರಿಸಿದ್ದವೆಂಬುದನ್ನು ಇಲ್ಲಿನ ಜನ ಮರೆತಿಲ್ಲ. ರಾಜ್ಯ ಸರಕಾರ 2007ರಲ್ಲಿ ಲಾಟರಿಯನ್ನು ನಿಷೇಧಿಸಿದಾಗ ಬಡವರ ಮನೆಯ ಹೆಂಗಸರು ಸಂತೋಷಪಟ್ಟಿದ್ದರು. ಅಂಗಡಿಯಿಂದ ಹೊರದಬ್ಬಿದ ಆ ಲಾಟರಿ ಈಗ ಬಣ್ಣ ಬಳಿದುಕೊಂಡು ಮಗುವಿನ ಕೈಗೇ ಬಂದಿದೆ. ಜೂಜನ್ನು ನಿಷಿದ್ಧವೆಂದು ನಂಬಿ ಲಾಟರಿ ಚೀಟಿಯನ್ನು ಹೊಸ್ತಿಲು ದಾಟಲು ಬಿಡದ ಮನೆಗಳಲ್ಲೇ ಹನ್ನೆರಡರ ಹುಡುಗ ಅದೃಷ್ಟಚಕ್ರ ತಿರುಗಿಸುತ್ತಿದ್ದಾನೆ. ಹೆತ್ತವರಿಗೆ ಅದು ಆಟವಾಗಿಯೇ ಕಾಣುತ್ತಿದೆ.

ಹೊಸ ಕಾನೂನು ಗುರಿಯಿಟ್ಟಿರುವುದು ಹಣ ಕಟ್ಟಿ, ಪ್ರತಿಯಾಗಿ ಹಣದ ಲಾಭ ನಿರೀಕ್ಷಿಸುವ ಆಟಗಳ ಮೇಲೆ. ಹಣ ಕೊಟ್ಟು ಪೆಟ್ಟಿಗೆ ತೆರೆದು, ಹಣವಾಗಿ ಮಾರಲಾಗದ ಒಂದು ಬಣ್ಣದ ಅಂಗಿಯನ್ನೋ ಬಂದೂಕನ್ನೋ ಪಡೆಯುವ ಮಗು ಆ ಗುರಿಯ ಆಚೆಗಿದೆ. ಬೆಲ್ಜಿಯಂ 2018ರಲ್ಲೇ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಪರಿಗಣಿಸಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಕಂಪೆನಿಗೆ ಒಟ್ಟು 52 ಕೋಟಿ ಡಾಲರ್ ತೆರುವಂತೆ ಮಾಡಿತು. ಅದರಲ್ಲಿ 24.5 ಕೋಟಿ ಡಾಲರ್, ಆಟಗಾರರನ್ನು ಬೇಡದ ಖರೀದಿಗೆ ತಳ್ಳಿದ ಆರೋಪಕ್ಕಾಗಿ ಮರಳಿಸಬೇಕಾದ ಹಣ. ಉಳಿದದ್ದು ಮಕ್ಕಳ ಖಾಸಗಿ ಮಾಹಿತಿಯ ಕಾನೂನು ಮುರಿದುದಕ್ಕೆ ದಂಡ. ನಮ್ಮಲ್ಲೇನಾಯಿತು? 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಸಹಿತ 118 ಆ್ಯಪ್‌ಗಳಿಗೆ ನಿಷೇಧ ಬಿತ್ತು. ಕಾರಣ ದೇಶದ ಭದ್ರತೆ ಮತ್ತು ಮಾಹಿತಿಯ ಸುರಕ್ಷೆ. ಮಕ್ಕಳ ಕಾರಣ ಅಲ್ಲಿರಲಿಲ್ಲ. 2021ರಲ್ಲಿ ಅದೇ ಆಟ ಭಾರತದ ಹೆಸರಿಟ್ಟುಕೊಂಡು ಮರಳಿ ಬಂದಾಗ, 18 ತುಂಬದವರಿಗೆ ದಿನಕ್ಕೆ ಮೂರು ಗಂಟೆ ಆಟ, 7,000 ರೂಪಾಯಿ ಖರ್ಚು ಎಂಬ ಮಿತಿ ಹೇರಿಕೊಂಡಿತು. ಗಮನಿಸಿ, ಇದು ಮಗುವಿನ ಒಂದು ದಿನದ ಮಿತಿ. ಶ್ರೀರಾಂಪುರದ ಆಟೋ ಚಾಲಕನೋ ದರ್ಜಿಯೋ ಇಷ್ಟು ಹಣ ಸಂಪಾದಿಸಲು ಎಷ್ಟು ದಿನ ಬೆವರು ಸುರಿಸಬೇಕು? ಇದು ರಕ್ಷಣೆಯೋ, ಅನುಮತಿ ಪತ್ರವೋ?

ಹಣ ಹೋದರೆ ಸಂಪಾದಿಸಬಹುದು. ನಿದ್ದೆ, ಓದು, ಮನಸ್ಸಿನ ಸಮತೋಲ ಹೋದರೆ? ಆಟದ ಮೇಲಿನ ಹಿಡಿತ ತಪ್ಪುವುದನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿ 2022ರ ಜನವರಿಯಿಂದ ಜಾರಿಗೆ ಬಂದಿದೆ. ಆದರೆ ಆಡುವ ಮಗುವೆಲ್ಲ ರೋಗಿಯಲ್ಲ. ಆಟದ ಮುಂದೆ ಊಟ, ಓದು, ಸಂಬಂಧಗಳೆಲ್ಲ ಹಿಂದೆ ಸರಿದು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದೆ, ಸಾಮಾನ್ಯವಾಗಿ ವರ್ಷದಷ್ಟು ಕಾಲ ಅದೇ ಸ್ಥಿತಿ ಮುಂದುವರಿದಾಗ ಮಾತ್ರ ಅದು ರೋಗ. ಅಂಥವರಿಗಾಗಿ ನಿಮ್ಹಾನ್ಸ್ 2014ರಲ್ಲೇ ಬೆಂಗಳೂರಿನಲ್ಲಿ ಶಟ್ ಎಂಬ ಚಿಕಿತ್ಸಾಲಯ ಆರಂಭಿಸಿತು. ಮಗನನ್ನು ಅಲ್ಲಿಗೆ ಕರೆದೊಯ್ದರೆ ನೆರೆಯವರು ಏನೆಂದಾರು ಎಂದು ಅಂಜುವ ಅಗತ್ಯವಿಲ್ಲ. ಜ್ವರಕ್ಕೆ ವೈದ್ಯರ ಬಳಿ ಹೋಗುವವರು ಇದಕ್ಕೇಕೆ ನಾಚಬೇಕು?

ಮೊಬೈಲ್ ಕಿತ್ತು ಬೀರುವಿನಲ್ಲಿಟ್ಟರೆ ಮಗು ಗೆಳೆಯನ ಮೊಬೈಲಿಗೆ ಮೊರೆಹೋಗುತ್ತದೆ. ಅದರ ಬದಲು ತಂದೆತಾಯಿ ಮಗುವಿನ ಬಳಿ ಕುಳಿತು, ಈ ಆಟವನ್ನು ನಮಗೂ ತೋರಿಸು ಎನ್ನಲಿ. ವಜ್ರಕ್ಕೆ ಎಷ್ಟು ರೂಪಾಯಿ, ಪೆಟ್ಟಿಗೆಯಲ್ಲಿ ಎಷ್ಟು ಬಾರಿ ಏನು ಸಿಕ್ಕಿತು ಎಂಬ ಲೆಕ್ಕವನ್ನು ಮಗುವಿನ ಕೈಯಲ್ಲೇ ಕಾಗದದ ಮೇಲೆ ಬರೆಸಲಿ. ವಂಚನೆಯನ್ನು ತಾನೇ ಕಂಡುಕೊಂಡ ಮಗು ಅದರಿಂದ ದೂರ ಸರಿಯುವ ಸಾಧ್ಯತೆ ಹೆಚ್ಚು. ಯು.ಪಿ.ಐ. ಗುಪ್ತಸಂಖ್ಯೆ ಮಕ್ಕಳಿಗೆ ತಿಳಿಯದಿರಲಿ. ಪ್ರತಿ ಖರೀದಿಗೂ ಹಿರಿಯರ ಒಪ್ಪಿಗೆ ಕೇಳುವಂತೆ ಮೊಬೈಲನ್ನು ಹೊಂದಿಸಿಡಬಹುದು, ಅದು ಕಷ್ಟದ ಕೆಲಸವಲ್ಲ. ಮಲಗುವ ಹೊತ್ತಿಗೆ ಮಕ್ಕಳ ಮೊಬೈಲಿನ ಜೊತೆ ಹಿರಿಯರ ಮೊಬೈಲೂ ಕೋಣೆಯ ಹೊರಗಿರಲಿ. ಊಟದ ಹೊತ್ತಲ್ಲೂ ಪರದೆ ಸವರುವ ತಂದೆಯ ಉಪದೇಶಕ್ಕೆ ಬೆಲೆಯಿರುವುದಿಲ್ಲ.

ಆದರೆ ಎಲ್ಲ ಭಾರವನ್ನು ಮನೆಯ ಮೇಲೆ ಹೊರಿಸಿ ಸರಕಾರ ಕೈತೊಳೆದುಕೊಳ್ಳುವಂತಿಲ್ಲ. 18 ತುಂಬದವರಿಗೆ ಅದೃಷ್ಟಪೆಟ್ಟಿಗೆ ಮಾರುವುದನ್ನು ಜೂಜೆಂದೇ ಪರಿಗಣಿಸಿ ಕಾನೂನಿನ ವ್ಯಾಪ್ತಿಗೆ ತರಬೇಕು. ಬೆಲೆಯನ್ನು ರೂಪಾಯಿಯಲ್ಲೇ ತೋರಿಸುವಂತೆ ಮಾಡಬೇಕು. ಶಾಲಾ ಮೈದಾನಗಳನ್ನು ಸಂಜೆಯ ಹೊತ್ತು ಓಣಿಯ ಮಕ್ಕಳಿಗೆ ತೆರೆದುಕೊಡಬೇಕು. ಈ ಬೇಡಿಕೆಗಳನ್ನು ಮುಂದಿಡಬೇಕಾದವರು ಬಡಾವಣೆಯ ಎಲ್ಲ ಸಮುದಾಯಗಳ ಹೆತ್ತವರು, ಒಟ್ಟಾಗಿ. ಮೊಬೈಲಿನ ಚಕ್ರ ಯಾವ ಮನೆಯ ಮಗು ಎಂದು ಕೇಳಿ ತಿರುಗುವುದಿಲ್ಲ. ಮುಂದಿನ ಬಾರಿ ಮತ ಕೇಳಲು ಬರುವವರ ಬಳಿ ಚರಂಡಿ, ನೀರಿನ ಜೊತೆಗೆ ನಮ್ಮ ಮಕ್ಕಳು ಆಡುವುದೆಲ್ಲಿ ಎಂಬ ಪ್ರಶ್ನೆಯನ್ನೂ ಕೇಳಲೇಬೇಕು.