ಹೋಲುವುದು ಬೇರೆ, ಹೊಂದುವುದು ಬೇರೆ

ಹಿರಿಯರು ಬಾಳಿದ ಮನೆಗಳಲ್ಲಿ ಅಟ್ಟದ ಮೇಲೋ ಹಿತ್ತಿಲಿನ ಮೂಲೆಯಲ್ಲೋ ಹಳೆಯ ಸೈಕಲ್ಲೊಂದು ಧೂಳು ಹಿಡಿದು ನಿಂತಿರುವುದು ಅಪರೂಪವಲ್ಲ. ಒಂದು ಕಾಲದಲ್ಲಿ ಅದು ಮನೆತನದ ಗೌರವದ ವಸ್ತುವಾಗಿತ್ತು. ಶಾಲೆಗೆ, ಸಂತೆಗೆ, ಹೊಲಕ್ಕೆ, ಬೀಗರ ಊರಿಗೆ ಹೋಗಿ ಬರಲು ಇದ್ದ ವಾಹನ ಅದೊಂದೇ. ಈಚೆಗೆ ಮನೆಯ ಮಕ್ಕಳಲ್ಲಿ ಕೆಲವರಿಗೆ ಆ ಸೈಕಲ್ಲನ್ನು ಮರಳಿ ರಸ್ತೆಗೆ ಇಳಿಸಬೇಕೆಂಬ ಹಂಬಲ ಮೂಡುತ್ತಿರುವುದು ಸಂತೋಷದ ಸಂಗತಿ. ಆದರೆ ಜೀರ್ಣವಾದುದನ್ನು ಉದ್ಧರಿಸಲು ಸದಾಶಯವೊಂದೇ ಸಾಲದು. ಉದ್ಧರಿಸಲು ಹೋಗಿ ಉಳಿದುದನ್ನೂ ಕೆಡಿಸಿಕೊಂಡ ನಿದರ್ಶನಗಳು ಎಷ್ಟೋ ಉಂಟು.

ನಮ್ಮ ದೊಡ್ಡಪ್ಪನವರು ಶಾಲಾ ಮಾಸ್ತರರಾಗಿದ್ದರು. 1950ರ ದಶಕದಲ್ಲಿ ಅವರು ಕೊಂಡ ಇಂಗ್ಲೆಂಡಿನ ರ‍್ಯಾಲಿ ಸೈಕಲ್ಲು ಅವರ ಕಾಲಾನಂತರ ಅಟ್ಟ ಸೇರಿತ್ತು. ಅವರ ಮೊಮ್ಮಗ ಅದನ್ನು ಇಳಿಸಿ ರಿಪೇರಿಗೆ ಒಯ್ದಾಗ ನಾನೂ ಜೊತೆಗಿದ್ದೆ. ಪೆಡಲ್ ತಿರುಗಿಸಿದರೆ ಬುಡದಲ್ಲಿ ಕರಕರ ಸದ್ದು ಬರುತ್ತಿತ್ತು. ಅಂಗಡಿಯ ಹುಡುಗ ಕ್ರ್ಯಾಂಕುಗಳನ್ನು ಕಳಚಿ, ಹಳೆಯ ಬಿ.ಬಿ. ಕಪ್‌ಗಳನ್ನು ತೆಗೆದು, ಹೊಸದೊಂದನ್ನು ತಿರುಗಿಸತೊಡಗಿದ. ಅದು ಒಂದೂವರೆ ಸುತ್ತು ಹೋಗಿ ನಿಂತಿತು. ಅವನು ಉದ್ದನೆಯ ಪಾನಾ ತಂದು ಬಲ ಹಾಕಲು ಅಣಿಯಾದ. ಆಗ ಒಳಗೆ ಕುಳಿತಿದ್ದ ವೃದ್ಧ ಮಿಸ್ತ್ರಿ ಎದ್ದು ಬಂದು ಅವನ ಕೈ ಹಿಡಿದ. “ಕೈಲೆ ತಿರುಗದ್ದನ್ನ ಪಾನಾ ಹಾಕಿ ತಿರುಗಸಬಾರದಪಾ. ಅದರ ಥ್ರೆಡ್ ಬ್ಯಾರೆ, ಇದರದು ಬ್ಯಾರೆ” ಎಂದ.

ಆ ಮಾತು ಅಕ್ಷರಶಃ ನಿಜ. ನಾಟಿಂಗ್‌ಹ್ಯಾಮ್ ನಗರದ ರ‍್ಯಾಲಿ ಕಾರ್ಖಾನೆಯು ತನ್ನ ಸೈಕಲ್ಲುಗಳ ಆ ಭಾಗಕ್ಕೆ ತನ್ನದೇ ಅಳತೆಯನ್ನು ಇಟ್ಟುಕೊಂಡಿತ್ತು. ಅದರ ಕಪ್‌ಗಳಲ್ಲಿ ಒಂದು ಅಂಗುಲಕ್ಕೆ 26 ತಿರುಪಿನ ಗೆರೆಗಳು. ಇಂಗ್ಲೆಂಡಿನ ಸಾಮಾನ್ಯ ಅಳತೆಯಲ್ಲಾದರೋ 24. ಹೊರವ್ಯಾಸ ಒಂದರದು 1.375 ಅಂಗುಲ, ಇನ್ನೊಂದರದು 1.370 ಅಂಗುಲ. ಅಂಗುಲದ ಸಾವಿರದ ಐದು ಭಾಗದಷ್ಟು ಅಂತರ ಕಣ್ಣಿಗೆ ಕಾಣುವುದೆಂತು? ಎರಡನ್ನೂ ಅಂಗೈಯಲ್ಲಿಟ್ಟರೆ ಅವಳಿಗಳಂತೆ ತೋರುತ್ತವೆ. ಬಲವಂತದಿಂದ ತಿರುಗಿಸಿದರೆ ಗಟ್ಟಿಯಾದ ಕಪ್ ಚೌಕಟ್ಟಿನೊಳಗಿನ ಗೆರೆಗಳನ್ನು ಕೊರೆದು ಹಾಕುತ್ತದೆ. ಕಪ್ ಕೆಟ್ಟರೆ ಇನ್ನೊಂದು ತರಬಹುದು. ದೊಡ್ಡಪ್ಪನವರ ಕಾಲಿನ ಭಾರವನ್ನು ಹೊತ್ತ ಚೌಕಟ್ಟು ಕೆಟ್ಟರೆ ಎಲ್ಲಿಂದ ತರುವುದು? ನಾಟಿಂಗ್‌ಹ್ಯಾಮಿನಲ್ಲಿ ಸೈಕಲ್ ತಯಾರಿಕೆ 2002ರಲ್ಲಿಯೇ ನಿಂತಿದೆ.

ಹಳೆಯ ತಾಳೆಗರಿಗಳನ್ನು ಓದುವವರಿಗೆ ಈ ಕಷ್ಟ ಹೊಸದಲ್ಲ. ಗರಿ ಮುರಿದು ಅಕ್ಷರವೊಂದು ಲೋಪವಾದಾಗ, ಅರ್ಥಕ್ಕೆ ಸರಿತೋರುವ ಯಾವುದೋ ಅಕ್ಷರವನ್ನು ತುಂಬುವ ಚಪಲ ಉಂಟಾಗುತ್ತದೆ. ಬಲ್ಲವರು ಹಾಗೆ ಮಾಡುವುದಿಲ್ಲ. ಲಿಪಿಯ ಕಾಲ, ಛಂದಸ್ಸು, ಉಳಿದ ಪ್ರತಿಗಳ ಪಾಠ ಇವೆಲ್ಲವನ್ನೂ ನೋಡಿ ನಿರ್ಣಯಿಸುತ್ತಾರೆ. ಸೈಕಲ್ಲಿನ ವಿಷಯದಲ್ಲಿಯೂ ಅಷ್ಟೇ. ಹೋಲುವ ಭಾಗ ಬೇರೆ, ಹೊಂದುವ ಭಾಗ ಬೇರೆ. ಈ ಭೇದವನ್ನು ಅರಿಯಲು ಅಳತೆಗೋಲು, ತಾಳ್ಮೆ ಎರಡೂ ಬೇಕು.

ಟಯರಿನ ಮಾತನ್ನೇ ನೋಡೋಣ. ಅಂಗಡಿಗೆ ಹೋಗಿ “28ರ ಟಯರು ಕೊಡಿ” ಎಂದರೆ ಸಾಲದು. ನಮ್ಮ ದೇಶದ ಕರಿಯ ಸೈಕಲ್ಲುಗಳಿಗೂ ಹಳೆಯ ಇಂಗ್ಲಿಷ್ ಸೈಕಲ್ಲುಗಳಿಗೂ ಬರುವ 28 x 1½ ಟಯರು 635 ಮಿಲಿಮೀಟರ್ ವ್ಯಾಸದ ರಿಮ್ಮಿನ ಮೇಲೆ ಕೂಡುತ್ತದೆ. 28 ಎಂದೇ ಬರೆದಿರುವ ಬೇರೆ ಜಾತಿಯ ಟಯರುಗಳು 622 ಮಿಲಿಮೀಟರಿನವು. 26ರ ಅಳತೆಯಲ್ಲಿ ಗೊಂದಲ ಇನ್ನೂ ಹೆಚ್ಚು. 26 x 1⅜ ಎಂದರೆ 590 ಮಿಲಿಮೀಟರ್. ಗುಡ್ಡ ಹತ್ತುವ ಸೈಕಲ್ಲಿನ 26ರದು 559 ಮಾತ್ರ. ಆದುದರಿಂದ ಅಂಗುಲದ ಲೆಕ್ಕವನ್ನು ನಂಬದೆ, ಟಯರಿನ ಪಕ್ಕದಲ್ಲಿ ಅಚ್ಚಾಗಿರುವ 40-635 ಅಥವಾ 37-590 ಎಂಬಂತಹ ಜೋಡಿ ಸಂಖ್ಯೆಯನ್ನು ಓದತಕ್ಕದ್ದು. ಮೊದಲನೆಯದು ಟಯರಿನ ಅಗಲ, ಎರಡನೆಯದು ಅದು ಕೂಡುವ ರಿಮ್ಮಿನ ವ್ಯಾಸ. ಸುದೈವದಿಂದ 635ರ ಟಯರು ನಮ್ಮಲ್ಲಿ ಇಂದಿಗೂ ದೊರೆಯುತ್ತದೆ.

ರಿಮ್ಮನ್ನೇ ಬದಲಿಸಬೇಕಾಗಿ ಬಂದರೆ ಕಡ್ಡಿಗಳನ್ನು ಎಣಿಸಿರಿ. ಹಳೆಯ ಇಂಗ್ಲಿಷ್ ಪದ್ಧತಿಯಲ್ಲಿ ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40 ಕಡ್ಡಿಗಳು. ಎರಡಕ್ಕೂ 36 ರಂಧ್ರಗಳಿರುವ ರಿಮ್ಮುಗಳನ್ನು ತಂದರೆ ಹಬ್ಬಿಗೂ ರಿಮ್ಮಿಗೂ ತಾಳಮೇಳವಿರದು. ಬ್ರೇಕಿನ ಬಗೆಯನ್ನೂ ಗಮನಿಸಬೇಕು. ಸರಳಿನ ಬ್ರೇಕಿನ ರಬ್ಬರು ರಿಮ್ಮಿನ ಒಳಮೈಯನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತದೆ. ತಂತಿಯ ಬ್ರೇಕು ರಿಮ್ಮಿನ ಪಕ್ಕಗಳನ್ನು ಹಿಡಿಯುತ್ತದೆ. ಒಂದಕ್ಕಾಗಿ ಮಾಡಿದ ರಿಮ್ಮನ್ನು ಇನ್ನೊಂದಕ್ಕೆ ಹಾಕಿದರೆ ಗಾಲಿ ತಿರುಗುವುದೇನೋ ನಿಜ, ನಿಲ್ಲಬೇಕಾದಾಗ ನಿಲ್ಲದು. ಇಲ್ಲಿ ತಪ್ಪಿದರೆ ಹೋಗುವುದು ಹಣವಲ್ಲ, ಸವಾರನ ಕೈಕಾಲು.

ಕ್ರ್ಯಾಂಕನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನು ಕಿರುಬೆರಳಿನಷ್ಟೂ ಇರುವುದಿಲ್ಲ. ಇಂಗ್ಲಿಷ್ ಸೈಕಲ್ಲುಗಳಲ್ಲಿ ಅದರ ದಪ್ಪ ಸಾಮಾನ್ಯವಾಗಿ 9.5 ಮಿಲಿಮೀಟರ್. 9 ಮಿಲಿಮೀಟರಿನವೂ ಮಾರುಕಟ್ಟೆಯಲ್ಲಿವೆ. ಅರ್ಧ ಮಿಲಿಮೀಟರ್ ತಾನೆ ಎಂದು ಅವನ್ನು ಹಾಕಿದರೆ ಕ್ರ್ಯಾಂಕು ಅಲುಗಾಡಿ ಅಚ್ಚನ್ನೇ ತಿನ್ನುತ್ತದೆ. ಪಿನ್ನಿನ ಇಳಿಜಾರೂ ಎರಡೂ ಕಡೆ ಸಮನಾಗಿರಬೇಕು. ಇಲ್ಲವಾದರೆ ಎರಡು ಕ್ರ್ಯಾಂಕುಗಳು ಒಂದೇ ನೇರದಲ್ಲಿ ನಿಲ್ಲವು. ಆದ್ದರಿಂದ ಪಿನ್ನುಗಳನ್ನು ಜೋಡಿಯಾಗಿಯೇ ಬದಲಿಸುವುದು ಲೇಸು. ಎಡಗಡೆಯ ಪೆಡಲು ಹಾಗೂ ಬಲಗಡೆಯ ಬಿ.ಬಿ. ಕಪ್ ಇವೆರಡರ ತಿರುಪು ವಿರುದ್ಧ ದಿಕ್ಕಿನದು ಎಂಬುದನ್ನು ಮರೆತು ಬಿಚ್ಚಲು ಹೋಗಿ, ಮತ್ತಷ್ಟು ಬಿಗಿದು ಬಳಲಿದವರು ಬಹುಮಂದಿ.

ಚೈನಿನ ಸವೆತವನ್ನು ಅಡಿಕೋಲಿನಿಂದಲೇ ಅಳೆಯಬಹುದು. ಅರ್ಧ ಅಂಗುಲದ ಚೈನಿನಲ್ಲಿ 24 ಕೊಂಡಿಗಳು ಸರಿಯಾಗಿ 12 ಅಂಗುಲವಿರಬೇಕು. 12⅛ ಅಂಗುಲವನ್ನು ಮುಟ್ಟಿದ್ದರೆ ಚೈನು ಮುಗಿಯಿತೆಂದೇ ತಿಳಿಯಿರಿ. ಅದರೊಂದಿಗೆ ಸವೆದ ಫ್ರೀವೀಲನ್ನು ಹಾಗೆಯೇ ಬಿಟ್ಟು ಹೊಸ ಚೈನು ಹಾಕಿದರೆ ಅದು ಹಲ್ಲಿನಿಂದ ಹಲ್ಲಿಗೆ ಜಿಗಿಯುತ್ತದೆ.

ಹಾಗಾದರೆ ಹೊಂದುವ ಭಾಗ ಎಲ್ಲಿ ದೊರೆಯುತ್ತದೆ? ನನ್ನ ಅನುಭವದಲ್ಲಿ ಮೊದಲು ಹುಡುಕಬೇಕಾದ ಸ್ಥಳ ಆ ಹಳೆಯ ಸೈಕಲ್ಲೇ. ತುಕ್ಕು, ಒಣಗಿದ ಗ್ರೀಸು ಇವುಗಳ ಕೆಳಗೆ ಗಟ್ಟಿಯಾದ ಉಕ್ಕು ಇನ್ನೂ ಇರುತ್ತದೆ. ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು ನೋಡದೆ ಯಾವುದನ್ನೂ ಎಸೆಯಕೂಡದು. ಎರಡನೆಯದು ಅದೇ ಕಾರ್ಖಾನೆಯ, ಆದಷ್ಟು ಅದೇ ಕಾಲದ ಇನ್ನೊಂದು ಮುರುಕು ಸೈಕಲ್ಲು. ಗುಜರಿ ಅಂಗಡಿಗಳಲ್ಲಿ ಹುಡುಕಿದರೆ ಸಿಕ್ಕೀತು. ಕಾಲ ತಿಳಿಯಲು ಕೆಲವೆಡೆ ಗುರುತೂ ಇರುತ್ತದೆ. ಸ್ಟರ್ಮೆ-ಆರ್ಚರ್ ಮೂರು ಗೇರಿನ ಹಬ್ಬಿದ್ದರೆ ಅದರ ಮೈಮೇಲೆ ತಯಾರಾದ ವರ್ಷ ತಿಂಗಳುಗಳ ಅಂಕಿಗಳನ್ನು ಒತ್ತಿರುತ್ತಾರೆ. ಮೂರನೆಯದು ಹೊಸ ಭಾಗ. ಮದ್ರಾಸಿನ ಟಿ.ಐ. ಸೈಕಲ್ಸ್ (1949), ಸೋನಿಪತ್ತಿನ ಅಟ್ಲಾಸ್ (1951), ಲೂಧಿಯಾನಾದ ಹೀರೋ (1956) ಮೊದಲಾದವು ಇಂಗ್ಲಿಷ್ ಮಾದರಿಯ ಕರಿಯ ಸೈಕಲ್ಲುಗಳನ್ನು ಲಕ್ಷೋಪಲಕ್ಷವಾಗಿ ತಯಾರಿಸಿದುದರಿಂದ ಟಯರು, ಬ್ರೇಕಿನ ರಬ್ಬರು, ಚೈನು, ಗುಂಡುಗಳ ಮಟ್ಟಿಗೆ ನಾವು ಅದೃಷ್ಟವಂತರು. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿರಿ. ಹೆಸರು ಮೋಸಮಾಡಬಹುದು, ವಸ್ತು ಮಾಡದು.

ದೊಡ್ಡಪ್ಪನವರ ಸೈಕಲ್ಲಿನ ಕಥೆಯೂ ಹಾಗೆಯೇ ಮುಗಿಯಿತು. ತೊಳೆದು ನೋಡಿದಾಗ ಹಳೆಯ ಕಪ್‌ಗಳು ನುಣುಪಾಗಿಯೇ ಇದ್ದವು. ಸವೆದದ್ದು ಅಚ್ಚು ಮತ್ತು ಗುಂಡುಗಳು. ಮಿಸ್ತ್ರಿ ಎರಡು ವಾರ ಕಾಯಿಸಿ, ಮುರಿದ ರ‍್ಯಾಲಿಯೊಂದರಿಂದ ಅಷ್ಟೇ ಉದ್ದದ ಅಚ್ಚನ್ನು ತಂದ. ಕಾಲಂಗುಲದ ಹೊಸ ಗುಂಡುಗಳನ್ನು ಪಕ್ಕಕ್ಕೆ 11ರಂತೆ ಕೂಡಿಸಿ ಗ್ರೀಸು ತುಂಬಿದ. ಪೆಡಲು ಸದ್ದಿಲ್ಲದೆ ತಿರುಗಿತು. ಕಳಚಿದ ಹಳೆಯ ಅಚ್ಚನ್ನು ಎಸೆಯದೆ, ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯಲ್ಲಿ ಇಡಲು ಮೊಮ್ಮಗನಿಗೆ ಹೇಳಿದೆ. ಮುಂದೆ ರಿಪೇರಿ ಮಾಡುವವನಿಗೆ ಅದೇ ಆಧಾರ.

ಸೈಕಲ್ಲು ಅಂಗಳಕ್ಕೆ ಬಂದ ದಿನ ದೊಡ್ಡಮ್ಮ ಹೊರಗೆ ಬಂದು ಹ್ಯಾಂಡಲ್ ಹಿಡಿದು ನಿಂತರು. ಬಣ್ಣವನ್ನಾಗಲಿ ಹೊಸ ಟಯರನ್ನಾಗಲಿ ಅವರು ನೋಡಲಿಲ್ಲ. ಗಂಟೆಯನ್ನು ಒಮ್ಮೆ ಬಾರಿಸಿ, “ಇದು ಹಳೇದ ಅದ ಅಲ್ಲೇನಪಾ?” ಎಂದು ಕೇಳಿದರು. “ಹೌದಜ್ಜಿ, ತೊಳದಷ್ಟ ಹಾಕೇನಿ” ಎಂದು ಮೊಮ್ಮಗ ಉತ್ತರಿಸಿದ. ಅವರು ಇನ್ನೊಮ್ಮೆ ಬಾರಿಸಿದರು. ಹಳೆಯದನ್ನು ಸರಿಪಡಿಸಲು ಹೊರಡುವ ಮಕ್ಕಳು, ಬದಲಿಸುವ ಮೊದಲು ಉಳಿಸಲು ಸಾಧ್ಯವೇ ಎಂದು ನೋಡಲಿ. ಬದಲಿಸಲೇಬೇಕಾದರೆ ಅಳೆದು ಬದಲಿಸಲಿ.